ನೋವು ಗೊತ್ತಾಗದ ಕೈ: ಕೊಯಮತ್ತೂರು ಜೈಲಿನ ಗೆಳೆಯನಿಂದ ನಮ್ಮ ಮಸೀದಿಯ ಹೌಳ್‌ವರೆಗೆ

ಕನ್ನಡದಲ್ಲಿ ನಾವು ‘ಕೈ ಮರಗಟ್ಟಿದೆ’ ಅನ್ನುತ್ತೇವೆ. ತಿರುಪ್ಪೂರಿನ ತಮಿಳಿನಲ್ಲಿ ‘ಮರತ್ತುಪ್ಪೋಚ್ಚು’ ಅನ್ನುತ್ತಾರೆ. ಮಲಯಾಳದಲ್ಲಿ ‘ಮರವಿಪ್ಪ್’. ಮೂರು ಭಾಷೆಯಲ್ಲೂ ಕಿವಿಗೆ ಬೀಳುವುದು ಮರವೇ. ಜೀವ ಇದೆ, ಆದರೆ ಮುಟ್ಟಿದರೆ ಗೊತ್ತಾಗುವುದಿಲ್ಲ.

ಜೋಮು ಹಿಡಿಯುವುದು ಯಾರಿಗೂ ಹೊಸತಲ್ಲ. ಮದ್ರಸದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಕಾಲು ತಮ್ಮದಲ್ಲ ಅನ್ನಿಸಿದ ಅನುಭವ ಎಲ್ಲರಿಗೂ ಇದೆ. ಎರಡು ನಿಮಿಷ ಕೊಡವಿದರೆ ಸರಿಹೋಗುತ್ತದೆ. ಈ ಲೇಖನ ಸರಿಹೋಗದ ಮರಗಟ್ಟುವಿಕೆಯ ಬಗ್ಗೆ. ಅದರ ಚರಿತ್ರೆಯಲ್ಲಿ ಒಂದು ದೊಡ್ಡ ಹೆಸರು ಕುಷ್ಠರೋಗ. ನಮ್ಮ ಮನೆಗಳಲ್ಲಿ ಈ ಹೆಸರನ್ನು ಜೋರಾಗಿ ಹೇಳುವುದಿಲ್ಲ. ಹೇಳದೆ ಇದ್ದುದರಿಂದ ಯಾರಿಗೂ ಒಳ್ಳೆಯದಾಗಿಲ್ಲ.

ಕೊಯಮತ್ತೂರಿಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಬನಿಯನ್, ಟೀ ಶರ್ಟ್, ಮಕ್ಕಳ ಬಟ್ಟೆ ತರಲು ತಿರುಪ್ಪೂರಿಗೆ ಹೋಗಿ ಬರುವ ವ್ಯಾಪಾರಿಗಳಿಗೆ ದಾರಿ ಗೊತ್ತು: ಮಂಗಳೂರಿನಿಂದ ರೈಲು ಹತ್ತಿ, ಶೊರನೂರು, ಪಾಲಕ್ಕಾಡ್ ದಾಟಿದರೆ ಪೋದನೂರು, ಕೊಯಮತ್ತೂರು. ಆ ರೈಲು ದಾರಿ ಮಂಗಳೂರಿಗೆ ಬಂದು ಮುಟ್ಟಿದ್ದು 1907ರಲ್ಲಿ. 1956ರ ತನಕ ನಮ್ಮ ದಕ್ಷಿಣ ಕನ್ನಡವೂ ಕೊಯಮತ್ತೂರೂ ಮದ್ರಾಸಿನ ಆಡಳಿತದಲ್ಲೇ ಇದ್ದವು. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯ ತಾಲೂಕು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಆದ್ದರಿಂದ ಆ ಊರಿನ ಈ ಚರಿತ್ರೆ ಅರ್ಧ ನಮ್ಮದೂ ಹೌದು.

ಗಾಣ ಎಳೆದವರು ಮತ್ತು ಅವರ ಗೆಳೆಯ

ಕೊಯಮತ್ತೂರು ಜೈಲು ಎಂದರೆ ತಮಿಳರಿಗೆ ನೆನಪಾಗುವುದು ವ.ಉ. ಚಿದಂಬರಂ ಪಿಳ್ಳೆ. ಬ್ರಿಟಿಷರಿಗೆ ಎದುರಾಗಿ ತೂತ್ತುಕುಡಿಯಿಂದ ಕೊಲಂಬೊಗೆ ಸ್ವದೇಶಿ ಹಡಗು ಓಡಿಸಿದವರು. 1908ರಲ್ಲಿ ರಾಜದ್ರೋಹದ ಆರೋಪದ ಮೇಲೆ ಶಿಕ್ಷೆಯಾಗಿ ಈ ಜೈಲಿಗೆ ಬಂದರು. ಎತ್ತುಗಳ ಬದಲಿಗೆ ಅವರಿಂದ ಎಣ್ಣೆ ಗಾಣ ಎಳೆಸಿದರು ಎಂಬುದು ಅಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. 1910ರಲ್ಲಿ ಅವರನ್ನು ನಮಗೆ ಹತ್ತಿರದ ಕಣ್ಣೂರು ಜೈಲಿಗೆ ಕಳಿಸಿದರು.

ಅದೇ ಮೊಕದ್ದಮೆಯಲ್ಲಿ ಅವರ ಜೊತೆ ಶಿಕ್ಷೆಯಾದ ಇನ್ನೊಬ್ಬರು ಸುಬ್ರಹ್ಮಣ್ಯ ಶಿವ. 1884ರಲ್ಲಿ ವತ್ತಲಗುಂಡಿನಲ್ಲಿ ಹುಟ್ಟಿದವರು, ಭಾಷಣಕ್ಕೆ ನಿಂತರೆ ಜನ ಕದಲುತ್ತಿರಲಿಲ್ಲವಂತೆ. ಅವರನ್ನು ಇಟ್ಟದ್ದು ತಿರುಚ್ಚಿ ಜೈಲಿನಲ್ಲಿ. ಅಲ್ಲಿ ಅವರ ಮೈಮೇಲೆ ಕುಷ್ಠದ ಲಕ್ಷಣ ಕಾಣಿಸಿಕೊಂಡಿತು. ಅಂಟುರೋಗ ಎಂದು ಸೇಲಂ ಜೈಲಿಗೆ ಸಾಗಿಸಿದರು. ಈ ರೋಗದ ಕ್ರಿಮಿ ಮೈಸೇರಿದ ಮೇಲೆ ಲಕ್ಷಣ ಕಾಣಲು ವರ್ಷಗಟ್ಟಲೆ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಆದ್ದರಿಂದ ‘ಜೈಲಿನಲ್ಲಿ ಅಂಟಿತು’ ಎನ್ನುವುದಕ್ಕಿಂತ ‘ಜೈಲಿನಲ್ಲಿ ಹೊರಗೆ ಬಂತು’ ಎನ್ನುವುದು ಸರಿ. ಅರೆಹೊಟ್ಟೆ, ಕಠಿಣ ಕೆಲಸ ಅದಕ್ಕೆ ದಾರಿ ಮಾಡಿಕೊಟ್ಟಿರಬೇಕು.

1912ರ ಕೊನೆಗೆ ಶಿವ ಮೊದಲು ಬಿಡುಗಡೆಯಾದರು, ನಂತರ ಚಿದಂಬರಂ ಪಿಳ್ಳೆ. ಕಣ್ಣೂರು ಜೈಲಿನ ಬಾಗಿಲಲ್ಲಿ ಕಾಯುತ್ತಿದ್ದ ಗೆಳೆಯನನ್ನು ಪಿಳ್ಳೆಯವರಿಗೆ ಗುರುತೇ ಸಿಗಲಿಲ್ಲ, ರೋಗ ಮುಖವನ್ನು ಅಷ್ಟು ಬದಲಿಸಿತ್ತು ಎಂದು ತಮಿಳುನಾಡಿನಲ್ಲಿ ಇವತ್ತಿಗೂ ಹೇಳುತ್ತಾರೆ. ಈ ಇಬ್ಬರ ಕಥೆಯನ್ನು 1961ರಲ್ಲಿ ಸಿನಿಮಾ ಮಾಡಿದವರು ನಮ್ಮ ಕನ್ನಡದವರೇ ಆದ ಬಿ.ಆರ್. ಪಂತುಲು. ‘ಕಪ್ಪಲೋಟ್ಟಿಯ ತಮಿಳನ್’ ಅದರ ಹೆಸರು.

ಶಿವ ಸುಮ್ಮನೆ ಕೂರಲಿಲ್ಲ. ‘ಜ್ಞಾನಭಾನು’ ಎಂಬ ಪತ್ರಿಕೆ ತೆಗೆದರು, ಮತ್ತೆ ಜೈಲಿಗೆ ಹೋದರು, ಮತ್ತೆ ಊರೂರು ತಿರುಗಿದರು. ಆಗ ಸರಕಾರ ಒಂದು ಉಪಾಯ ಹುಡುಕಿತು. ಅಂಟುರೋಗಿ ಎಂಬ ಕಾರಣ ಕೊಟ್ಟು ರೈಲಿನಲ್ಲಿ ಪ್ರಯಾಣ ಮಾಡದಂತೆ ತಡೆಯಿತು. ಬಾಯಿ ಮುಚ್ಚಿಸಲು ಆಗದವರ ಕಾಲು ಕಟ್ಟಿದ ಹಾಗೆ. ಮೈತುಂಬಾ ಹುಣ್ಣಿದ್ದ ಮನುಷ್ಯ ನಡೆದೇ ಹೋದರು. ಧರ್ಮಪುರಿಯ ಹತ್ತಿರ ಪಾಪ್ಪಾರಪಟ್ಟಿಯಲ್ಲಿ ಭಾರತಮಾತೆಗೆ ಒಂದು ಗುಡಿ ಕಟ್ಟಬೇಕೆಂದು ಹೊರಟರು. 1923ರಲ್ಲಿ ಚಿತ್ತರಂಜನ ದಾಸರು ಅದಕ್ಕೆ ಅಡಿಗಲ್ಲು ಹಾಕಿದರು. ಅದೇ ಊರಿನಲ್ಲಿ 1925ರ ಜುಲೈ 23ರಂದು ಶಿವ ತೀರಿಕೊಂಡರು. ನಲವತ್ತೊಂದು ತುಂಬಿರಲಿಲ್ಲ.

ಕಾನೂನಿಗೆ ಕಂಡದ್ದು ಹುಣ್ಣು ಮಾತ್ರ

ಆ ಕಾಲದ ಸರಕಾರ ಈ ರೋಗವನ್ನು ಹೇಗೆ ನೋಡುತ್ತಿತ್ತು ಎಂದು ತಿಳಿಯಲು 1898ರ ಕುಷ್ಠರೋಗಿಗಳ ಕಾಯ್ದೆ ಸಾಕು. ಪ್ರಾಂತ ಸರಕಾರಗಳು ತಮಗೆ ಬೇಕಾದ ಕಡೆ ಜಾರಿಗೊಳಿಸಬಹುದಾಗಿದ್ದ ಕಾಯ್ದೆ ಅದು. ಭಿಕ್ಷೆ ಬೇಡುವ ಅಥವಾ ಜೀವನಕ್ಕೆ ದಾರಿಯಿಲ್ಲದ ರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿದು ಆಶ್ರಮಕ್ಕೆ ಕಳಿಸಬಹುದಿತ್ತು. ರೋಗಿ ಆಹಾರ, ಔಷಧ, ಬಟ್ಟೆ ಮಾರದಂತೆ, ಸಾರ್ವಜನಿಕ ಬಾವಿಯ ನೀರು ಮುಟ್ಟದಂತೆ, ಬಾಡಿಗೆ ಗಾಡಿ ಹತ್ತದಂತೆ ತಡೆಯಬಹುದಿತ್ತು. ರೈಲನ್ನು ಈ ಕಾಯ್ದೆ ಹೊರಗಿಟ್ಟಿತ್ತು. ಆದರೆ ಅಂಟುರೋಗಿಗಳನ್ನು ಹತ್ತಿಸದಿರುವ ಅಧಿಕಾರ 1890ರ ರೈಲ್ವೆ ಕಾಯ್ದೆಯಲ್ಲೇ ಇತ್ತು.

ಇದರಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಯಾರು ರೋಗಿ ಎಂಬ ಪ್ರಶ್ನೆಗೆ ಆ ಕಾಯ್ದೆ ಮೊದಲು ಕೊಟ್ಟ ಉತ್ತರ: ಯಾರಿಗೆ ಹುಣ್ಣಾಗಲು ಶುರುವಾಗಿದೆಯೋ ಅವರು. ಅಂದರೆ ಕಾನೂನಿನ ಕಣ್ಣಿಗೆ ಬಿದ್ದದ್ದು ರೋಗದ ಕೊನೆಯ ಅಧ್ಯಾಯ. ಮೊದಲ ಅಧ್ಯಾಯ ಎಷ್ಟೋ ವರ್ಷ ಹಿಂದೆ, ತೋಳಿನ ಮೇಲೋ ಬೆನ್ನಿನ ಮೇಲೋ ಬಣ್ಣ ಮಾಸಿದ ಒಂದು ಮಚ್ಚೆಯಲ್ಲಿ, ಸದ್ದಿಲ್ಲದೆ ಮುಗಿದಿರುತ್ತಿತ್ತು. ಆ ಮಚ್ಚೆ ತುರಿಸುವುದಿಲ್ಲ, ಉರಿಯುವುದಿಲ್ಲ, ನೋಯುವುದಿಲ್ಲ. ಅದರ ಲಕ್ಷಣವೇ ಏನೂ ಗೊತ್ತಾಗದಿರುವುದು.

ಹಳಬರಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಸುಶ್ರುತ ಸಂಹಿತೆಯಲ್ಲಿ ಕುಷ್ಠದ ಲಕ್ಷಣಗಳನ್ನು ಹೇಳುವಾಗ ‘ಸ್ಪರ್ಶಹಾನಿ’, ‘ತ್ವಕ್‌ಸ್ವಾಪ’ ಎಂಬ ಪದಗಳು ಬರುತ್ತವೆ. ತ್ವಕ್‌ಸ್ವಾಪ ಎಂದರೆ ಚರ್ಮದ ನಿದ್ದೆ. ಅರಬಿಯಲ್ಲೂ ‘ಬರಸ್’ ಬೇರೆ, ‘ಜುದಾಂ’ ಬೇರೆ. ಮದ್ರಸದಲ್ಲಿ ಕಲಿತ ದುಆಗಳಲ್ಲಿ ಒಂದರಲ್ಲಿ ಬರಸ್, ಜುನೂನ್, ಜುದಾಂ ಮೂರರಿಂದಲೂ ರಕ್ಷಣೆ ಬೇಡುತ್ತೇವೆ. ಮೂರನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತೇವೆ. ಬರಸ್ ಎಂದರೆ ಬಿಳಿ ಮಚ್ಚೆ, ನಮ್ಮ ತೊನ್ನು. ಜುದಾಂ ಎಂದರೆ ಕುಷ್ಠ. ಆದರೆ ಊರಿನಲ್ಲಿ ಎರಡನ್ನೂ ಒಂದೇ ಮಾಡಿಬಿಟ್ಟೆವು. ತೊನ್ನು ಇದ್ದ ಹುಡುಗಿಯ ಮದುವೆಯ ಮಾತುಕತೆ ಮುರಿದು ಬಿದ್ದ ಮನೆಗಳು ಎಷ್ಟೋ. ವ್ಯತ್ಯಾಸ ತಿಳಿಯಲು ಮೊದಲು ಬೇಕಾಗಿದ್ದದ್ದು ಒಂದು ಹತ್ತಿಯ ಎಳೆ. ತೊನ್ನಿನ ಮಚ್ಚೆಗೆ ಹತ್ತಿ ತಾಗಿದರೆ ಗೊತ್ತಾಗುತ್ತದೆ. ಕುಷ್ಠದ ಮಚ್ಚೆಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ.

ರೋಗಿಯಿಂದ ದೂರ ಇರಿ ಎನ್ನುವ ಹದೀಸ್ ಇದೆ ಎಂದು ಹೇಳುವವರು, ಪ್ರವಾದಿಯವರು ﷺ ಅಂಥವರ ಕೈ ಹಿಡಿದು ತಮ್ಮ ತಟ್ಟೆಯಲ್ಲೇ ಉಣ್ಣಲು ಕರೆದರು ಎನ್ನುವ ವರದಿಯನ್ನೂ ಹೇಳಬೇಕು. ಎಂಟನೇ ಶತಮಾನದ ಆರಂಭದಲ್ಲಿ ದಮಾಸ್ಕಸಿನ ಖಲೀಫ ವಲೀದ್, ಕುಷ್ಠರೋಗಿಗಳು ಬೇಡಬಾರದೆಂದು ಅವರಿಗೆ ಖಜಾನೆಯಿಂದ ಭತ್ಯೆ ಗೊತ್ತುಮಾಡಿದರು ಎಂದು ಇತಿಹಾಸಕಾರರು ಬರೆದಿದ್ದಾರೆ. ಬೇಡಿದರೆ ಹಿಡಿಯಿರಿ ಎಂದ 1898ರ ಕಾಯ್ದೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಬಹುದು.

ಕಂಕನಾಡಿಯಿಂದ ಕೊಲ್ಲಿಮಲೆಗೆ

ನಮ್ಮ ಮಂಗಳೂರಿನಲ್ಲಿ ಈ ರೋಗಿಗಳಿಗೆ ಒಂದು ಸೂರು ಸಿಕ್ಕಿದ್ದು ಕಂಕನಾಡಿಯಲ್ಲಿ. ಜರ್ಮನಿಯ ಜೆಸ್ವಿಟ್ ಪಾದ್ರಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆಂದೇ ಆಸ್ಪತ್ರೆ ತೆರೆದರು. ಇವತ್ತಿನ ದೊಡ್ಡ ಆಸ್ಪತ್ರೆಯ ಒಂದು ಬೇರು ಅಲ್ಲಿದೆ.

ಆಗ ಮದ್ದು ಎಂದರೆ ಎಣ್ಣೆ. ನಮ್ಮ ಘಟ್ಟದಲ್ಲೇ ಬೆಳೆಯುವ ಗರುಡಫಲ, ಮಲಯಾಳದ ಮರೋಟ್ಟಿ, ಅದರ ಬೀಜದ ಎಣ್ಣೆಯನ್ನು ಹಚ್ಚುತ್ತಿದ್ದರು, ಕುಡಿಸುತ್ತಿದ್ದರು, ನಂತರ ಸೂಜಿಯಿಂದ ಚುಚ್ಚುತ್ತಿದ್ದರು. 1873ರಲ್ಲೇ ನಾರ್ವೆಯ ಹ್ಯಾನ್ಸನ್ ಈ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಕಂಡಿದ್ದರು. ಶಾಪವೂ ಅಲ್ಲ, ವಂಶಪಾರಂಪರ್ಯವೂ ಅಲ್ಲ ಎಂದು ಗೊತ್ತಾಗಿತ್ತು. ಆದರೆ ಕ್ರಿಮಿ ಗೊತ್ತಾದ ಮಾತ್ರಕ್ಕೆ ಬೆರಳು ಏಕೆ ಉದುರುತ್ತದೆ ಎಂಬುದು ಗೊತ್ತಾಗಿರಲಿಲ್ಲ. ‘ಮಾಂಸ ಕೊಳೆಯುತ್ತದೆ’ ಎಂದೇ ವೈದ್ಯರೂ ನಂಬಿದ್ದರು.

ಅದನ್ನು ಬಿಡಿಸಿದವರು ಕೊಯಮತ್ತೂರಿನ ಪೂರ್ವಕ್ಕೆ ಇರುವ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್. ಮಿಷನರಿ ದಂಪತಿಯ ಮಗ. ಲಂಡನ್‌ನಲ್ಲಿ ಸರ್ಜರಿ ಕಲಿತು 1946ರಲ್ಲಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ ಬಂದರು. ಮರುವರ್ಷ ಚೆಂಗಲ್‌ಪಟ್ಟಿನಲ್ಲಿ ಡಾ. ರಾಬರ್ಟ್ ಕಾಕ್ರೇನ್ ನಡೆಸುತ್ತಿದ್ದ ಕುಷ್ಠಧಾಮ ನೋಡಲು ಹೋದರು. ಅಲ್ಲಿ ಬೆರಳು ಮುದುಡಿದ ಒಬ್ಬ ರೋಗಿಗೆ ‘ನನ್ನ ಕೈ ಹಿಸುಕು’ ಎಂದರು. ಬಲವಿಲ್ಲದ ಕೈ ಎಂದುಕೊಂಡಿದ್ದರು. ಆತ ಹಿಸುಕಿದ ರಭಸಕ್ಕೆ ಬ್ರಾಂಡ್ ನೋವಿನಿಂದ ಕೂಗಿಕೊಂಡರು. ಆತನಿಗೆ ತಾನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೇನೆ ಎಂಬುದೇ ಗೊತ್ತಾಗಿರಲಿಲ್ಲ.

ಬ್ರಾಂಡ್ ಅಲ್ಲಿಂದ ಈ ಎಳೆ ಹಿಡಿದರು. ತುಕ್ಕು ಹಿಡಿದ ಬೀಗವನ್ನು ತಾವು ತೆಗೆಯಲಾಗದೆ ಒದ್ದಾಡುತ್ತಿದ್ದಾಗ ಒಬ್ಬ ರೋಗಿ ಹುಡುಗ ಬಂದು ಸಲೀಸಾಗಿ ತಿರುಗಿಸಿದ. ನೋಡಿದರೆ ಕೀ ಅವನ ಬೆರಳನ್ನು ಎಲುಬಿನವರೆಗೆ ಸೀಳಿತ್ತು, ಅವನಿಗೆ ಅರಿವೇ ಇಲ್ಲ. ಇನ್ನು ಕೆಲವರ ಬೆರಳ ತುದಿ ಬೆಳಿಗ್ಗೆ ಏಳುವಷ್ಟರಲ್ಲಿ ಕಾಣೆಯಾಗಿರುತ್ತಿತ್ತು. ರಾತ್ರಿ ಕಾವಲು ಕೂತಾಗ ಗೊತ್ತಾಯಿತು: ಇಲಿ ಕಚ್ಚುತ್ತಿದೆ, ಮಲಗಿದವನಿಗೆ ಎಚ್ಚರವಾಗುತ್ತಿಲ್ಲ. ಅಂದಿನಿಂದ ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರು. ಹೀಗೆ ಒಂದೊಂದೇ ಗಾಯವನ್ನು ಬೆನ್ನಟ್ಟಿ ಹೋದಾಗ ಸಿಕ್ಕ ಉತ್ತರ ಒಂದೇ: ಕುಷ್ಠ ಬೆರಳನ್ನು ಕೊಳೆಸುವುದಿಲ್ಲ. ಅದು ನರವನ್ನು ಕೊಲ್ಲುತ್ತದೆ. ನೋವು ಹೋದ ಮೇಲೆ ಬಿಸಿ ಪಾತ್ರೆ, ಮುಳ್ಳು, ಕಲ್ಲು, ಇಲಿ, ಉಳಿದ ಕೆಲಸ ಮಾಡುತ್ತವೆ.

ಸುಬ್ರಹ್ಮಣ್ಯ ಶಿವರ ವಿಷಯ ಇಲ್ಲಿ ಮತ್ತೆ ನೆನಪಾಗುತ್ತದೆ. ಸ್ಪರ್ಶ ಇಲ್ಲದ ಪಾದ ಕುಂಟುವುದಿಲ್ಲ. ನಮ್ಮ ಕಾಲಿಗೆ ಒಂದು ಕಡೆ ಉರಿದರೆ ಗೊತ್ತಿಲ್ಲದೆಯೇ ಭಾರವನ್ನು ಇನ್ನೊಂದು ಕಡೆಗೆ ಹಾಕುತ್ತೇವೆ. ಮರಗಟ್ಟಿದ ಪಾದ ಅದೇ ಜಾಗವನ್ನು ಸಾವಿರ ಸಲ ನೆಲಕ್ಕೆ ಒತ್ತುತ್ತದೆ, ಹುಣ್ಣಾಗುತ್ತದೆ, ಹುಣ್ಣಿನ ಮೇಲೇ ನಡೆಯುತ್ತದೆ. ಅಂಥ ರೋಗಕ್ಕೆ ಸರಕಾರ ಕೊಟ್ಟ ಆಜ್ಞೆ ‘ರೈಲು ಹತ್ತಬೇಡ’ ಎಂದು. ಅಂದರೆ, ನಡೆ ಎಂದು. ವೆಲ್ಲೂರಿನ ಹತ್ತಿರ ಕರಿಗಿರಿಯಲ್ಲಿ ಮೆತ್ತನೆಯ ರಬ್ಬರಿನ ಚಪ್ಪಲಿಗಳನ್ನು ರೂಪಿಸಿ ಪಾದ ಉಳಿಸುವ ದಾರಿ ಕಂಡುಕೊಳ್ಳುವ ಹೊತ್ತಿಗೆ ಶಿವ ತೀರಿಕೊಂಡು ದಶಕಗಳಾಗಿದ್ದವು.

ನರದ ಒಳಗೆ ಆಗುವುದೇನು

ಈ ಕ್ರಿಮಿಗೆ ತಂಪು ಬೇಕು. ಆದ್ದರಿಂದ ಮೈಯ ಹೊರಪದರದಲ್ಲಿ ನೆಲೆ ಮಾಡುತ್ತದೆ: ಚರ್ಮ, ಮೂಗು, ಮತ್ತು ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುವ ನರಗಳು. ನರಕ್ಕೆ ಹೊದಿಕೆಯಂತಿರುವ ಕೋಶಗಳ ಒಳಗೆ ಸೇರಿಕೊಳ್ಳುತ್ತದೆ. ಒಂದು ಎರಡಾಗಲು ಹನ್ನೆರಡು ಹದಿನಾಲ್ಕು ದಿನ ಬೇಕು. ಬೇರೆ ಕ್ರಿಮಿಗಳು ಅಷ್ಟು ಹೊತ್ತಿಗೆ ಕೋಟಿಗಟ್ಟಲೆಯಾಗಿರುತ್ತವೆ. ಅದಕ್ಕೇ ರೋಗ ಇಷ್ಟು ನಿಧಾನ. ಮೊಣಕೈಯ ಹಿಂದೆ ತಗಲಿದರೆ ‘ಜುಂ’ ಎನ್ನುವ ನರ ಊದಿ ಹುರಿಯಂತಾಗುತ್ತದೆ. ಕಿರುಬೆರಳು ಮತ್ತು ಉಂಗುರ ಬೆರಳು ಮೊದಲು ಮರಗಟ್ಟಿ ಆಮೇಲೆ ಮಡಚಿಕೊಳ್ಳುತ್ತವೆ. ಮೊಣಕಾಲಿನ ಹೊರಬದಿಯ ನರ ಸೋತರೆ ಪಾದ ಎತ್ತಲಾಗದೆ ನೇತಾಡುತ್ತದೆ. ಸಾಮಾನ್ಯವಾಗಿ ಮೊದಲು ಹೋಗುವುದು ಬಿಸಿ ತಣ್ಣನೆಯ ಅರಿವು, ಆಮೇಲೆ ಹಗುರ ಸ್ಪರ್ಶ ಮತ್ತು ನೋವಿನ ಅರಿವು.

ಮದ್ದು ಬಂದಿದೆ, ಬಂದು ಬಹಳ ಕಾಲವಾಯಿತು. 1940ರ ದಶಕದಲ್ಲಿ ಚೆಂಗಲ್‌ಪಟ್ಟಿನಲ್ಲೇ ಕಾಕ್ರೇನ್ ಸಲ್ಫೋನ್ ಔಷಧ ಕೊಡಲು ಶುರುಮಾಡಿದರು. 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಔಷಧಗಳನ್ನು ಸೇರಿಸಿ ಕೊಡುವ ಎಂ.ಡಿ.ಟಿ. ಚಿಕಿತ್ಸೆಯನ್ನು ಸೂಚಿಸಿತು: ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಾಜಿಮಿನ್. ರೋಗ ಎಷ್ಟು ಹರಡಿದೆ ಎಂಬುದರ ಮೇಲೆ ಆರು ತಿಂಗಳು ಅಥವಾ ಹನ್ನೆರಡು ತಿಂಗಳು. ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಮದ್ದು ಶುರುವಾದ ಸ್ವಲ್ಪ ದಿನದಲ್ಲೇ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಹೆಚ್ಚಿನ ಜನರ ಮೈಯಲ್ಲಿ ಹುಟ್ಟಿನಿಂದಲೇ ಈ ಕ್ರಿಮಿಯನ್ನು ತಡೆಯುವ ಶಕ್ತಿ ಇದೆ. ಮದ್ದಿನಿಂದ ಆಗದಿರುವುದು ಒಂದೇ: ಬಹಳ ಹಿಂದೆ ಸತ್ತ ನರವನ್ನು ಎಬ್ಬಿಸುವುದು. ಆದ್ದರಿಂದ ಇಲ್ಲಿ ಎಲ್ಲವೂ ಬೇಗ ತೋರಿಸುವುದರ ಮೇಲೆ ನಿಂತಿದೆ.

ತಲಾಖಿನ ಕಾರಣ

ಬೇಗ ಏಕೆ ತೋರಿಸುವುದಿಲ್ಲ? ಹೆದರಿಕೆ. ಆ ಹೆದರಿಕೆ ಬರೀ ಮೂಢನಂಬಿಕೆಯಾಗಿರಲಿಲ್ಲ, ಕಾನೂನಿನಲ್ಲೇ ಅಚ್ಚಾಗಿತ್ತು. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯು ನಮ್ಮ ಹೆಣ್ಣುಮಕ್ಕಳಿಗೆ ಕೋರ್ಟಿನಲ್ಲಿ ಬಿಡುಗಡೆ ಕೇಳುವ ದಾರಿ ತೆರೆದ ಒಳ್ಳೆಯ ಕಾಯ್ದೆ. ಆದರೆ ಅದರ ಕಾರಣಗಳ ಪಟ್ಟಿಯಲ್ಲಿ ಗಂಡನಿಗೆ ಕುಷ್ಠ ಇರುವುದೂ ಒಂದಾಗಿತ್ತು. ಹಿಂದೂ ವಿವಾಹ ಕಾಯ್ದೆಯಲ್ಲೂ ಕ್ರೈಸ್ತರ ವಿಚ್ಛೇದನ ಕಾಯ್ದೆಯಲ್ಲೂ ಇದೇ ಕಾರಣ ಇತ್ತು. ಮದ್ದಿಲ್ಲದ ಕಾಲದಲ್ಲಿ ಬರೆದ ಮಾತು, ಎಂ.ಡಿ.ಟಿ. ಬಂದು ಮೂವತ್ತೇಳು ವರ್ಷದ ತನಕ ಹಾಗೇ ಉಳಿಯಿತು. 2019ರ ತಿದ್ದುಪಡಿ ಐದು ಕಾಯ್ದೆಗಳಿಂದ ಅದನ್ನು ತೆಗೆದುಹಾಕಿತು. 1898ರ ಕಾಯ್ದೆ ರದ್ದಾದದ್ದು 2016ರಲ್ಲಿ. ಶಿವ ತೀರಿಕೊಂಡು ಆಗ ತೊಂಬತ್ತೊಂದು ವರ್ಷ.

ಕಾನೂನು ಹೋಯಿತು, ಮನಸ್ಸಿನಲ್ಲಿ ಉಳಿದಿದೆ. ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳಿದ್ದಾರೆ ಎಂದು 2005ರ ಕೊನೆಗೆ ಭಾರತ ಗುರಿ ಮುಟ್ಟಿದ್ದನ್ನು ಘೋಷಿಸಿತು. ‘ಕುಷ್ಠ ಮುಗಿಯಿತು’ ಎಂದು ಜನ ಅರ್ಥಮಾಡಿಕೊಂಡರು. ಆದರೆ ಇಂದಿಗೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರು.

ತಿರುಪ್ಪೂರಿನ ಇಸ್ತ್ರಿ ಮೇಜು

ತಿರುಪ್ಪೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಈಗ ಬಿಹಾರ, ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಬಹಳ. ಅವು ಕುಷ್ಠ ಇನ್ನೂ ಹೆಚ್ಚಾಗಿರುವ ರಾಜ್ಯಗಳು. ಇದನ್ನು ಹೇಳಿದ್ದು ಅವರನ್ನು ದೂರ ಇಡಲಿ ಎಂದಲ್ಲ. ಸ್ಟೀಮ್ ಇಸ್ತ್ರಿಯ ಮುಂದೆ ದಿನವಿಡೀ ನಿಲ್ಲುವ, ಹೊಲಿಗೆ ಮೆಶಿನ್ನಿನ ಸೂಜಿಯ ಹತ್ತಿರ ಬೆರಳಿಡುವ ಹುಡುಗನಿಗೆ ಬಿಸಿ ತಾಗಿದ್ದು ಗೊತ್ತಾಗದಿದ್ದರೆ ಏನಾಗುತ್ತದೆ ಎಂದು ಯೋಚಿಸಲಿ ಎಂದು. ಮಚ್ಚೆ ತೋರಿಸಿದರೆ ಕೆಲಸ ಹೋಗುತ್ತದೆ ಎಂದು ಆತ ಶರ್ಟಿನ ತೋಳು ಇಳಿಸಿಕೊಳ್ಳುತ್ತಾನೆ. ನಮ್ಮ ಊರಿನ ಬೇಕರಿಯಲ್ಲಿ, ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗರ ಮಾತೂ ಇದೇ. ಬಿಸಿ ಟ್ರೇ ಬರಿಗೈಯಲ್ಲಿ ಎತ್ತುವ ಹುಡುಗನನ್ನು ‘ಗಟ್ಟಿಗ’ ಎಂದು ಹೊಗಳುವ ಮೊದಲು ಅವನ ಕೈ ಒಮ್ಮೆ ನೋಡಬೇಕು. ಊರು ಬದಲಿಸಿದರೂ ಮದ್ದು ನಿಲ್ಲಬೇಕಿಲ್ಲ. ಹೊಸ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮುಂದುವರಿಸಬಹುದು.

ಮರಗಟ್ಟಿದ್ದೆಲ್ಲಾ ಕುಷ್ಠ ಅಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಮನೆಗಳಲ್ಲಿ ಇಂದು ಪಾದ ಮರಗಟ್ಟಲು ದೊಡ್ಡ ಕಾರಣ ಸಕ್ಕರೆ ಕಾಯಿಲೆ. ಬಿ12 ಕೊರತೆ, ಬೆನ್ನುಮೂಳೆಯ ತೊಂದರೆಗಳೂ ಕಾರಣವಾಗುತ್ತವೆ. ಒಂದೇ ಬದಿಯ ಮುಖ, ಕೈ, ಕಾಲು ಇದ್ದಕ್ಕಿದ್ದಂತೆ ಮರಗಟ್ಟಿದರೆ ಅದು ಪಾರ್ಶ್ವವಾಯು ಇರಬಹುದು. ತಡಮಾಡದೆ ಆಸ್ಪತ್ರೆಗೆ ಓಡಬೇಕು. ಕುಷ್ಠರೋಗಿಗಳ ಪಾದದಿಂದ ಕಲಿತ ಪಾಠ ಈಗ ಸಕ್ಕರೆ ಕಾಯಿಲೆಯವರ ಪಾದವನ್ನೂ ಉಳಿಸುತ್ತಿದೆ. ಡಾಕ್ಟರರು ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ‘ಗೊತ್ತಾಯಿತಾ?’ ಎಂದು ಕೇಳುವುದು ಇದನ್ನೇ ತಿಳಿಯಲು.

ಮಧ್ಯಾಹ್ನದ ಬಿಸಿಲಿನಲ್ಲಿ ಮಸೀದಿಯ ಅಂಗಳದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಬಂದದ್ದು ಸಂಜೆಯ ತನಕ ಗೊತ್ತಾಗದ ಹಿರಿಯರು ನಮ್ಮಲ್ಲಿ ಇದ್ದಾರೆ. ಆದರೆ ಅದೇ ಅಂಗಳದ ಹೌಳಿನ ಬಳಿ ದಿನಕ್ಕೆ ಐದು ಸಲ ನಾವು ವುಝೂ ಮಾಡುತ್ತೇವೆ. ಮೊಣಕೈವರೆಗೆ ಕೈ, ಗಂಟಿನವರೆಗೆ ಕಾಲು, ಬೆರಳ ಸಂದಿ. ಪಾಲ್ ಬ್ರಾಂಡ್ ತಮ್ಮ ರೋಗಿಗಳಿಗೆ ದಿನಾ ಕೈಕಾಲು ನೋಡಿಕೊಳ್ಳಿ ಎಂದು ಕಲಿಸಲು ವರ್ಷಗಟ್ಟಲೆ ಪಾಡುಪಟ್ಟರು. ನಮಗೆ ಆ ಅಭ್ಯಾಸ ಬಾಲ್ಯದಿಂದಲೇ ಇದೆ. ನೀರು ಹಾಕುವಾಗ ಒಂದು ಕ್ಷಣ ಕಣ್ಣಿಟ್ಟು ನೋಡಿದರೆ ಸಾಕು: ಹೊಸ ಗಾಯ ಇದೆಯೇ, ಬಣ್ಣ ಮಾಸಿದ ಮಚ್ಚೆ ಇದೆಯೇ, ತಣ್ಣೀರು ಎಲ್ಲಾ ಕಡೆಯೂ ತಣ್ಣಗೆ ತಾಗುತ್ತಿದೆಯೇ.

ತಾಗದಿದ್ದರೆ ಮುಚ್ಚಿಡಬೇಡಿ. ನಡೆದು ಹೋಗಬೇಕಾದ ಕಾಲ ಮುಗಿದಿದೆ. ರೈಲು, ಬಸ್ಸು ಎಲ್ಲವೂ ಇದೆ, ಆಸ್ಪತ್ರೆಯೂ ಹತ್ತಿರದಲ್ಲೇ ಇದೆ.